ಒಂದು ಪಂಜು, ಹನ್ನೊಂದು ಕೈ

ದಸರಾ ಬಂತೆಂದರೆ ಸಾಕು, ಬೆಳಗಾವಿ-ಬಾಗಲಕೋಟೆ ಕಡೆಯ ಪತ್ರಿಕೆಗಳಲ್ಲಿ ಒಂದೇ ಫೋಟೋ ಬೇರೆ ಬೇರೆ ಊರಿನ ಹೆಸರಲ್ಲಿ ಬರುತ್ತದೆ. ಸಕ್ಕರೆ ಕಾರ್ಖಾನೆಯ ಬಾಯ್ಲರ್ ಪ್ರದೀಪನ, ಅಂದರೆ ಹಂಗಾಮಿಗೆ ಮೊದಲು ಬಾಯ್ಲರಿಗೆ ಬೆಂಕಿ ಹಚ್ಚುವ ಪೂಜೆ. ಮೊನ್ನೆಯ ಫೋಟೋದಲ್ಲಿ ಎಣಿಸಿದೆ: ಒಂದು ಪಂಜು, ಹನ್ನೊಂದು ಕೈ. ಸ್ವಾಮೀಜಿ, ಅಧ್ಯಕ್ಷರು, ನಿರ್ದೇಶಕರು, ನಿರ್ದೇಶಕರ ಅಳಿಯಂದಿರು. ಕೊನೆಯ ಅಳಿಯನ ಕೈ ಪಂಜಿನ ತನಕ ಹೋಗದೆ ಮಾವನ ಮೊಣಕೈ ಹಿಡಿದಿತ್ತು. ಅದೂ ಲೆಕ್ಕಕ್ಕೆ ಬರುತ್ತೆ ಬಿಡಿ.

ಬಾಯ್ಲರಿಗೆ ವಿಭೂತಿ, ಕುಂಕುಮ, ಚೆಂಡು ಹೂವಿನ ಮಾಲೆ. ಮಾಡಲೇಬೇಕು. ವಿದ್ಯುತ್ತನ್ನೂ ತಯಾರಿಸುವ ಕಾರ್ಖಾನೆಗಳ ಬಾಯ್ಲರಿನಲ್ಲಿ ಎಷ್ಟೋ ಕಡೆ ಚದರ ಸೆಂಟಿಮೀಟರಿಗೆ 67 ಕೆಜಿ ಒತ್ತಡ. ನಿಮ್ಮ ಕಾರಿನ ಟೈರಿನಲ್ಲಿರುವುದು ಎರಡು ಚಿಲ್ಲರೆ. ದೇವರನ್ನು ನೆನೆಯದೆ ಏನು ಮಾಡ್ತೀರಿ? ಜೊತೆಗೆ ವೆಲ್ಡಿಂಗಿನ ಎಕ್ಸ್-ರೇ ಫಿಲ್ಮನ್ನೂ ಒಮ್ಮೆ ನೋಡಿದ್ದರೆ ಚೆನ್ನಾಗಿತ್ತು, ಅಷ್ಟೇ.

ಹಿಂದೊಮ್ಮೆ ಮಳೆಗಾಲದಲ್ಲಿ ಕಾರ್ಖಾನೆಯೊಂದರ ರಿಪೇರಿ ನೋಡಲು ಹೋಗಿದ್ದೆ. ಹೆಸರು ಬೇಡ. 7018 ಅನ್ನುವ ವೆಲ್ಡಿಂಗ್ ರಾಡಿನ ಪ್ಯಾಕೆಟ್ ಬಾಯಿ ತೆರೆದುಕೊಂಡು ತಗಡಿನ ಸೂರಿನ ಹನಿ ಕೆಳಗೆ ಬಿದ್ದಿತ್ತು. ಈ ರಾಡನ್ನು ಓವನ್ನಿನಲ್ಲಿ ಬಿಸಿಯಾಗಿ ಇಡಬೇಕು. ಹಸಿಯಾದರೆ ಬೆಸುಗೆಯೊಳಗೆ ಹೈಡ್ರೋಜನ್ ಸೇರುತ್ತದೆ. ಎಲ್ಲ ತಣ್ಣಗಾಗಿ ವೆಲ್ಡರ್ ಮನೆಗೆ ಹೋದಮೇಲೆ, ಕೆಲವೊಮ್ಮೆ ಮರುದಿನ, ಸದ್ದಿಲ್ಲದೆ ಬಿರುಕು ಬಿಡುತ್ತದೆ. ಓವನ್ ಎಲ್ಲಿ ಅಂದೆ. ಇತ್ತು. ಬಾಗಿಲು ತೆಗೆದರೆ ಒಳಗೆ ಗುತ್ತಿಗೆದಾರನ ಬುತ್ತಿ. ರೊಟ್ಟಿ, ಎಣ್ಣಿಗಾಯಿ, ಘಮ್ ಅಂತಿತ್ತು.

"ರೊಟ್ಟಿ ಆರಿದ್ರ ತಿನ್ನಾಕ ಬರೂದಿಲ್ರೀ ಸರ" ಅಂದ. ನಿಜ ತಾನೇ?

ಮತ್ತೆ ಈ ಬೆಸುಗೆ?

"ಗ್ರೈಂಡರ್ ಹೊಡದು ಸಿಲ್ವರ್ ಪೇಂಟ್ ಬಡದ್ರ ಯಾರಿಗ್ ಗೊತ್ತಾಗತೈತ್ರಿ?"

ಯಾರಿಗೂ ಇಲ್ಲ. ಫಿಲ್ಮಿಗೆ ಮಾತ್ರ ಗೊತ್ತಾಗುತ್ತದೆ. ಒಳಗೆ ಸ್ಲ್ಯಾಗ್, ಅಂದರೆ ಬೆಸುಗೆಯ ಕಿಟ್ಟ, ಸಿಕ್ಕಿಕೊಂಡಿದ್ದರೆ ಕಪ್ಪು ಗೆರೆ, ಗಾಳಿಗುಳ್ಳೆ ಇದ್ದರೆ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆ. ಸಣ್ಣ ಗುಳ್ಳೆಗೆ ಕೋಡಿನಲ್ಲಿ, ಅಂದರೆ ಬಾಯ್ಲರಿನ ನಿಯಮ ಪುಸ್ತಕದಲ್ಲಿ, ಒಂದಿಷ್ಟು ವಿನಾಯಿತಿ ಉಂಟು. ಬಿರುಕಿಗೆ, ಲೋಹ ಕೂಡಿಕೊಳ್ಳದ ಜಾಗಕ್ಕೆ ಕೂದಲೆಳೆಯಷ್ಟೂ ಇಲ್ಲ. ಶಾಸಕರ ಶಿಫಾರಸು ಪತ್ರ ತಂದರೂ ಇಲ್ಲ. ಎಂಥಾ ನಿರ್ದಯಿ ಪುಸ್ತಕ ನೋಡಿ.

ಕಾಯ್ದೆಗಳಿಗೇನೂ ಬರವಿಲ್ಲ. 1863ರಲ್ಲಿ ಕಲ್ಕತ್ತಾದಲ್ಲಿ ಬಾಯ್ಲರ್ ಸಿಡಿದು ಜನ ಸತ್ತರು, ಮರುವರ್ಷ ಬಂಗಾಳಕ್ಕೆ ಕಾಯ್ದೆ ಬಂತು. 1923ರಲ್ಲಿ ಇಡೀ ದೇಶಕ್ಕೆ. 1950ರಲ್ಲಿ ದಪ್ಪನೆಯ ನಿಯಮಾವಳಿ. 2025ರಲ್ಲಿ ಮತ್ತೊಂದು ಹೊಸ ಕಾಯ್ದೆ. ಅಮೆರಿಕದವರೂ ಸುಮ್ನೆ ಬುದ್ಧಿವಂತರಾಗಲಿಲ್ಲ. 1905ರಲ್ಲಿ ಬ್ರಾಕ್ಟನ್ನಿನ ಬೂಟಿನ ಕಾರ್ಖಾನೆಯಲ್ಲಿ 58 ಜನ ಸತ್ತಮೇಲೇ ಅಲ್ಲಿಯೂ ಕೋಡ್ ಬರೆಯಲು ಕೂತದ್ದು. ಅಂದರೆ ಆ ಪುಸ್ತಕದ ಸಾಲುಗಳ ಹಿಂದೆ ಹೆಣಗಳಿವೆ. ಅದನ್ನು ಓದದೆ ನಾವು ಹೊಸ ಹೆಣ ಎತ್ತುತ್ತೇವೆ. ಆಮೇಲೆ ಪರಿಹಾರದ ಚೆಕ್ಕು, ಅದಕ್ಕೂ ಫೋಟೋ, ಅಲ್ಲಿಯೂ ಕೈಗಳ ನೂಕುನುಗ್ಗಲು. ನನಗೆ ತಮಾಷೆ ಮಾಡಲೂ ಬೇಜಾರಾಗಿದೆ. ಸತ್ತವನು ರಾತ್ರಿ ಪಾಳಿಗೆ ಬಂದ ಯಾರದೋ ಮಗ. ಅವನಿಗೆ ಯಾವ ಜಾಯಿಂಟ್ ಹಸಿ ರಾಡಿನದ್ದು ಅಂತ ಯಾರೂ ಹೇಳಿರಲಿಲ್ಲ.

ವೆಲ್ಡರ್ ತಾನು ಬೆಸೆದ ಜಾಯಿಂಟ್ ಪಕ್ಕ ತನ್ನ ನಂಬರ್ ಪಂಚ್ ಮಾಡಬೇಕು, ಇಲ್ಲವೇ ದಾಖಲೆಯಲ್ಲಿ ಬರೆಸಬೇಕು. ಏನಾದರೂ ಆದರೆ ಮೊದಲು ಹುಡುಕುವುದು ಅದನ್ನೇ. ಪಂಜು ಹಿಡಿದ ಹನ್ನೊಂದು ಕೈಗಳಿಗೂ ಹಾಗೇ ಒಂದೊಂದು ನಂಬರ್ ಕೊಟ್ಟು ಬಾಯ್ಲರ್ ಮೇಲೆ ಹೊಡೆಸಿದರೆ ಹೇಗೆ? ಕೊನೆಯ ಅಳಿಯನದ್ದು ಮಾವನ ನಂಬರಿನ ಪಕ್ಕದಲ್ಲೇ ಇರಲಿ.