ಆರೋಪಿಗೆ ಅರ್ಥವಾಗದ ವಿಚಾರಣೆ

ಎಲ್ಲಾದರೊಂದು ಘೋರ ಅಪರಾಧ ನಡೆದರೆ ಸಾಕು, ನಮ್ಮ ಕಾಸರಗೋಡಿನ ಗೆಳೆಯರ ಬರಹಗಳಲ್ಲಿ ಒಂದೇ ಕೂಗು: "ಗಲ್ಫಿನ ಕಾನೂನು ಇಲ್ಲಿಗೂ ಬರಲಿ." ದುಬೈ, ಶಾರ್ಜಾ, ದೋಹಾಗಳಲ್ಲಿ ದುಡಿದು ಬಂದವರು ತುಂಬಿರುವ ಊರಿನಲ್ಲಿ ಈ ಹೋಲಿಕೆ ಸಹಜ. ಆದರೆ ಹೋಲಿಸಲು ಹೊರಟವರು ಶಿಕ್ಷೆಯ ಉಗ್ರತೆಯಲ್ಲೇ ಏಕೆ ನಿಲ್ಲಬೇಕು? ಯುಎಇಯ ನ್ಯಾಯಾಲಯಗಳ ಭಾಷೆ ಅರಬ್ಬಿ. ಅದು ಬಾರದವನ ಮಾತನ್ನು ದುಭಾಷಿಯ ಮೂಲಕ ಕೇಳಬೇಕೆಂಬುದೂ ಅಲ್ಲಿನ ಕಾನೂನೇ. ಅದೇ ಮನುಷ್ಯ ಬದಿಯಡ್ಕಕ್ಕೋ ಪೈವಳಿಕೆಗೋ ಮರಳಿ ಬಂದು ಒಂದು ಪ್ರಕರಣದಲ್ಲಿ ಸಿಕ್ಕಿಬಿದ್ದರೆ, ಅವನಿಗೆ ಮಲಯಾಳ ಗೊತ್ತಿದೆಯೆಂದು ಎಲ್ಲರೂ ಮೊದಲೇ ತೀರ್ಮಾನಿಸಿಬಿಟ್ಟಿರುತ್ತಾರೆ.

ಮಲಯಾಳ ನಮಗೆ ಬರುತ್ತದೆ, ನಿಜ. ಮೀನು ಕೊಳ್ಳುವಷ್ಟು, ಬಸ್ಸಿನಲ್ಲಿ ಮಾತಾಡುವಷ್ಟು. ಪಾಟೀಸವಾಲು ಹಿಂಬಾಲಿಸುವಷ್ಟು ಎಷ್ಟು ಜನರಿಗೆ ಬರುತ್ತದೆ?

ನನಗೆ ಪರಿಚಯದ ತೋಟದ ಕೆಲಸಗಾರರೊಬ್ಬರು ಜಾಗದ ತಕರಾರಿನ ಹೊಡೆದಾಟದಲ್ಲಿ ಆರೋಪಿಯಾಗಿದ್ದರು. ಮನೆಮಾತು ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ. ಠಾಣೆಯಿಂದ ಬಂದ ಕಾಗದಗಳೆಲ್ಲ ಮಲಯಾಳದಲ್ಲಿ. ನ್ಯಾಯಾಧೀಶರು, ವಕೀಲರು ತಮ್ಮೊಳಗೆ ಆಡಿಕೊಂಡದ್ದು ಇಂಗ್ಲಿಷಿನಲ್ಲಿ. ತಮ್ಮ ಕೈಯಲ್ಲಿ ಕತ್ತಿ ಇತ್ತೆಂದು ಸಾಕ್ಷಿಯೊಬ್ಬ ಹೇಳಿದ್ದಾನೆಂಬುದು ಅವರಿಗೆ ತಿಳಿದದ್ದು ಹೊರಗೆ ಬಂದ ಮೇಲೆ, ವಕೀಲರ ಬಾಯಿಂದ. "ಆ ದಿನ ಅವನು ಊರಲ್ಲೇ ಇರಲಿಲ್ಲವಲ್ಲ!" ಎಂದರು. ಅಷ್ಟರಲ್ಲಿ ಪಾಟೀಸವಾಲು ಮುಗಿದಿತ್ತು.

ನಮ್ಮ ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನುಡಿದರೆ ಅದನ್ನು ತೆರೆದ ನ್ಯಾಯಾಲಯದಲ್ಲೇ ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 314ನೇ ಕಲಮು ಹೇಳುತ್ತದೆ. ಇದಕ್ಕೂ ಹಿಂದಿದ್ದ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಇದು ಇತ್ತು. ಆದರೆ 1960ರ ದಶಕದಲ್ಲಿ ಮದ್ರಾಸಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಈ ನಿಯಮದ ಉಲ್ಲಂಘನೆಯನ್ನು ಬರಿಯ ಲೋಪವೆಂದು ಪರಿಗಣಿಸಿತು. ಆರೋಪಿಯ ವಕೀಲರಿಗೆ ಇಂಗ್ಲಿಷ್ ಬರುತ್ತಿತ್ತು, ಆದ್ದರಿಂದ ಅವನಿಗೆ ಹಾನಿಯಾಗಿಲ್ಲ ಎಂದಿತು.

ಇದರ ಪಕ್ಕದಲ್ಲಿ ಅಮೆರಿಕದ ನೆಗ್ರೋನ್ ಪ್ರಕರಣವನ್ನು ಇಟ್ಟು ನೋಡಿ. ಪೋರ್ಟೊ ರಿಕೊದಿಂದ ಬಂದ, ಸ್ಪ್ಯಾನಿಷ್ ಮಾತ್ರ ಬಲ್ಲ ಕೂಲಿಗಾರನಿಗೆ ನ್ಯೂಯಾರ್ಕ್ ರಾಜ್ಯದಲ್ಲಿ ಕೊಲೆಯ ಅಪರಾಧಕ್ಕೆ ಶಿಕ್ಷೆಯಾಗಿತ್ತು. ವಿರಾಮದ ವೇಳೆಯಲ್ಲಿ ಸಾಕ್ಷ್ಯದ ಸಾರಾಂಶವನ್ನಷ್ಟೇ ಅವನಿಗೆ ಹೇಳಲಾಗಿತ್ತು. ಅವನ ವಕೀಲನಿಗೂ ಇಂಗ್ಲಿಷ್ ಬರುತ್ತಿತ್ತು. ಆದರೂ ಅಷ್ಟು ಸಾಲದೆಂದು 1970ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು, ಶಿಕ್ಷೆ ನಿಲ್ಲಲಿಲ್ಲ. ಪೋರ್ಟೊ ರಿಕೊದವರು ಅಮೆರಿಕದ ಪ್ರಜೆಗಳೇ, ನಾವು ಭಾರತದ ಪ್ರಜೆಗಳಾಗಿರುವಂತೆ. ದೇಶ ಒಂದೇ, ಭಾಷೆ ಬೇರೆ. ಈ ಎರಡು ತೀರ್ಪುಗಳಲ್ಲಿ ಯಾವುದು ಮನುಷ್ಯನನ್ನು ಹೆಚ್ಚು ಗೌರವಿಸಿತೆಂಬುದರಲ್ಲಿ ನನಗೆ ಸಂಶಯವೇ ಇಲ್ಲ.

ಇನ್ನೂ ಹತ್ತಿರದ ಹೋಲಿಕೆ ಬೇಕಿದ್ದರೆ ದಕ್ಷಿಣ ಟಿರೋಲ್ ಇದೆ. ಮೊದಲ ಮಹಾಯುದ್ಧದ ನಂತರ ಆಸ್ಟ್ರಿಯಾದಿಂದ ಇಟಲಿಯ ಪಾಲಾದ ಜರ್ಮನ್ ಭಾಷಿಕರ ಗಡಿನಾಡು ಅದು. 1956ರಲ್ಲಿ ಕಾಸರಗೋಡು ಕೇರಳದ ಪಾಲಾದಾಗ ನಮಗಾದದ್ದನ್ನು ಬಲ್ಲವರಿಗೆ ಹೆಚ್ಚು ವಿವರಿಸಬೇಕಿಲ್ಲ. ಅಲ್ಲಿ ದುಭಾಷಿಯ ಪ್ರಶ್ನೆಗೂ ಮುಂದೆ ಹೋಗಿದ್ದಾರೆ: ಜರ್ಮನ್ ಭಾಷಿಕನ ಮೇಲಿನ ಕ್ರಿಮಿನಲ್ ವಿಚಾರಣೆಯೇ ಜರ್ಮನ್ ಭಾಷೆಯಲ್ಲಿ ನಡೆಯುತ್ತದೆ. 1998ರಲ್ಲಿ ಯುರೋಪಿನ ನ್ಯಾಯಾಲಯ, ಅಲ್ಲಿಗೆ ಬಂದು ಪ್ರಕರಣದಲ್ಲಿ ಸಿಕ್ಕಿಕೊಂಡ ಆಸ್ಟ್ರಿಯಾದ ಲಾರಿ ಚಾಲಕನಿಗೂ ಜರ್ಮನಿಯ ಪ್ರವಾಸಿಗೂ ಇದೇ ಹಕ್ಕು ಉಂಟೆಂದು ತೀರ್ಪು ಕೊಟ್ಟಿತು.

ಕೇರಳದ 1969ರ ಭಾಷಾ ಕಾಯ್ದೆಯ ಪ್ರಕಾರ ನಮ್ಮ ಪ್ರದೇಶದ ಸರ್ಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯಬಹುದು, ಕನ್ನಡದಲ್ಲೇ ಉತ್ತರ ಪಡೆಯಬಹುದು. ಪಡಿತರ ಚೀಟಿಯ ಅರ್ಜಿಗೆ ಸಿಗುವ ಈ ಮರ್ಯಾದೆ, ಜೈಲಿಗೆ ಹೋಗಬಹುದಾದ ಮನುಷ್ಯನಿಗೆ ಏಕೆ ಸಿಗಬಾರದು? ಠಾಣೆಯಲ್ಲಿ ಸಹಿ ಹಾಕಿಸುವ ಮೊದಲು ಹೇಳಿಕೆಯನ್ನು ಕನ್ನಡದಲ್ಲೋ ತುಳುವಿನಲ್ಲೋ ಓದಿ ಹೇಳಬೇಕು. ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಪ್ರಕರಣಗಳಿಗೆ ತರಬೇತಿ ಪಡೆದ ಕಾಯಂ ದುಭಾಷಿಗಳಿರಬೇಕು. ಆ ಹೊತ್ತಿಗೆ ಕೈಗೆ ಸಿಕ್ಕ ಗುಮಾಸ್ತರಲ್ಲ. ಅಲ್ಲಿಯವರೆಗೆ ನಮ್ಮ ವಕೀಲ ಮಿತ್ರರಲ್ಲಿ ಒಂದು ಬೇಡಿಕೆ: ನಿಮ್ಮ ಕಕ್ಷಿದಾರನಿಗೆ ಭಾಷೆ ತಿಳಿಯದಿದ್ದರೆ, ಮೊದಲ ಸಾಕ್ಷಿ ಬಾಯಿ ತೆರೆಯುವ ಮುನ್ನವೇ 314ನೇ ಕಲಮಿನ ಅಡಿಯಲ್ಲಿ ಲಿಖಿತ ಅರ್ಜಿ ಸಲ್ಲಿಸಿ, ಅದು ಕಡತಕ್ಕೆ ಸೇರುವಂತೆ ನೋಡಿಕೊಳ್ಳಿ.