ಯಾರಿಗೆ ಏನಾಯ್ತು ಅಣ್ಣ?

2025ರ ಜೂನ್‌ನಲ್ಲಿ ನಮ್ಮ ಹಾಸನ ಯಾವುದಕ್ಕೆ ಹೆಸರಾಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ಟೀವಿಯವರು ಹೃದಯಾಘಾತಕ್ಕೆ ಕ್ರಿಕೆಟ್ಟಿನ ಹಾಗೆ ಸ್ಕೋರು ಇಟ್ಟರು. ಬರೀ ಹುಳಿತೇಗು ಬಂದವರೂ ಮೈಸೂರಿನ ಜಯದೇವ ಹೃದಯದ ಆಸ್ಪತ್ರೆಯ ಮುಂದೆ ಕ್ಯೂ ನಿಂತರು. ಆಮೇಲೆ ಸರ್ಕಾರ ಮಾಡಿದ್ದ ಸಮಿತಿಯ ವರದಿ ಬಂತು. ಅಸಹಜ ಏರಿಕೆಯೇನಿಲ್ಲ, ಹೆದರಬೇಡಿ ಎಂದಿತು. ಸಕ್ಕರೆ, ಬಿಪಿ, ಬೀಡಿ-ಸಿಗರೇಟಿನ ಕಡೆ ಬೆರಳು ತೋರಿಸಿತು. ಅಂದಿನಿಂದ ಸಿಕ್ಕವರದೆಲ್ಲ ಒಂದೇ ಉಪದೇಶ, ಓಡಿ.

ಎಲ್ಲಿ ಅಂತ ಯಾರೂ ಹೇಳಲಿಲ್ಲ.

ನಾನೂ ಮೂರು ಸಾವಿರ ಸುರಿದು ಶೂ ತಂದೆ. ಬೆಳಗ್ಗೆ ಏಳುವ ಜಾಯಮಾನ ನನ್ನದಲ್ಲ. ಸಂಜೆ ಆಫೀಸು ಬಿಟ್ಟು ಎನ್.ಆರ್. ಸರ್ಕಲ್‌ನಿಂದ ಸಾಲಗಾಮೆ ರಸ್ತೆ ಹಿಡಿದು ಮನೆಗೇ ಓಡುವುದು ಎಂದು ತೀರ್ಮಾನಿಸಿದೆ. ಸ್ಟೇಡಿಯಂ ಇಲ್ವೇನ್ರೀ ಅಂದಳು ಹೆಂಡತಿ. ಇದೆ. ವಾಕಿಂಗ್ ಮಾಡಲು ಬೈಕಿನಲ್ಲಿ ಹೋಗಬೇಕು, ಅಷ್ಟೆ.

ಅದೇ ವರ್ಷ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಅಡ್ಡಿಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ, ಅಂದರೆ ಬದುಕುವ ಹಕ್ಕಿನ ಭಾಗ ಎಂದಿತು. ರಸ್ತೆ ಎಂಜಿನಿಯರುಗಳ ಪುಸ್ತಕದಲ್ಲಿ ಅದಕ್ಕೆ ಕನಿಷ್ಠ 1.8 ಮೀಟರ್ ಅಗಲ ಬೇಕು. ನಮ್ಮಲ್ಲೂ ಇದೆಯೆನ್ನಿ. ಅರ್ಧ ಟ್ರಾನ್ಸ್‌ಫಾರ್ಮರ್‌ಗೆ, ಉಳಿದರ್ಧ ಗೋಬಿ ಗಾಡಿಗೆ. ನನ್ನ ಹಕ್ಕು ಬಾಣಲೆಯಲ್ಲಿ ಚೊಂಯ್ ಅನ್ನುತ್ತಿತ್ತು, ನಾನು ರಸ್ತೆಗಿಳಿದೆ. ಗಾಡಿಯವನ ಮೇಲೆ ಸಿಟ್ಟಿಲ್ಲ. ಅವನ ಹೊಟ್ಟೆಪಾಡೂ 21ನೇ ವಿಧಿಯೇ.

ಮುಂದೆ ಒಂದು ಕಡೆ ಚರಂಡಿಯ ಚಪ್ಪಡಿ ಮಾಯ. ಯಾರೋ ಪುಣ್ಯಾತ್ಮರು ಗೊಬ್ಬರದ ಗಿಡದ ಕೊಂಬೆ ಕಡಿದು, ತುದಿಗೆ ಕೆಂಪು ಬಟ್ಟೆ ಕಟ್ಟಿ, ಆ ಕಂಡಿಯಲ್ಲಿ ನೆಟ್ಟಿದ್ದಾರೆ. ಆಷಾಢದ ಸೋನೆಗೆ ಅದು ಚಿಗುರಿಬಿಟ್ಟಿದೆ! ಪರಿಸರ ದಿನದಂದು ಫೋಟೋಗೆ ನೆಟ್ಟ ಸಸಿಗಳೆಲ್ಲ ಒಣಗಿದವು, ಇದೊಂದು ಹಿಡಿಯಿತು. ಇನ್ನೆರಡು ಮಳೆಗಾಲ ಹೀಗೇ ಬಿಟ್ಟರೆ ನೆರಳೂ ಸಿಕ್ಕೀತು. ದಯವಿಟ್ಟು ಯಾರೂ ಅರ್ಜಿ ಕೊಡಬೇಡಿ.

ಹಾಸನಾಂಬೆಯಾದರೂ ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಗಿಲು ತೆಗೆಸುತ್ತಾಳೆ. ಫುಟ್‌ಪಾತೂ ಆಗಲೇ ದರ್ಶನ ಕೊಡುವುದು, ಅದೂ ವಿಐಪಿಗಳು ನಡೆಯುವಷ್ಟು ದೂರ. ಗರ್ಭಗುಡಿಯಲ್ಲಿ ಹಚ್ಚಿಟ್ಟ ದೀಪ ಮುಂದಿನ ವರ್ಷದವರೆಗೂ ಉರಿಯುತ್ತದೆಂಬ ನಂಬಿಕೆ ಊರಿಗಿದೆ. ಬೀದಿದೀಪದ ವಿಷಯದಲ್ಲಿ ನಾವು ನಾಸ್ತಿಕರು.

ಇನ್ ಮಾಡಿದ ಅಂಗಿ, ಬೆನ್ನಿಗೆ ಟಿಫನ್ ಬ್ಯಾಗು, ಮುಂದೆ ಹೊಟ್ಟೆ. ಈ ವೇಷದಲ್ಲಿ ಓಡುವವನಿಗೆ ನಮ್ಮೂರಲ್ಲಿ ಎರಡೇ ಗುರಿ, ಬಸ್ಸು ಇಲ್ಲವೇ ಆಸ್ಪತ್ರೆ. "ಯಾರಿಗೆ ಏನಾಯ್ತು ಅಣ್ಣ?" ಅಂದಳು ಹೂ ಕಟ್ಟುತ್ತಿದ್ದವಳು. ಅಷ್ಟರಲ್ಲಿ ಆಟೋ ಒಂದು ಪಕ್ಕಕ್ಕೆ ಬಂತು.

"ಹತ್ಕೊಳಿ ಸಾರ್. ಎಡಗಡೆ ನೋವಾ?"

ಮನೆಗೆ ಓಡ್ತಿದ್ದೀನಿ ಕಣಪ್ಪ ಅಂದೆ. ನಕ್ಕ. "ನೀವಾದ್ರೂ ಓಡ್ತೀರ. ನಾನು ಬೆಳಗ್ಗೆ ಆರಕ್ಕೆ ಈ ಸೀಟಲ್ಲಿ ಕೂತೋನು."

ಸತ್ತವರಲ್ಲಿ ಆಟೋ, ಕ್ಯಾಬ್ ಓಡಿಸುವವರು ಕಡಿಮೆಯಿರಲಿಲ್ಲ ಎಂದು ಅದೇ ವರದಿ ಹೇಳಿತ್ತು. ಇವನಿಗೂ ಉಪದೇಶ ಅದೇ, ದಿನಾ ಅರ್ಧ ಗಂಟೆ ಓಡು. ಸಾಕಾಗಿದೆ ರೀ. ತಿಂದಿದ್ದು ನಮ್ಮ ತಪ್ಪು, ಸೇದಿದ್ದು ನಮ್ಮ ತಪ್ಪು, ಕೂತಿದ್ದೂ ನಮ್ಮ ತಪ್ಪು, ಒಪ್ಪಿದೆವು. ಜನ ಸತ್ತರೆ ಸಮಿತಿ ಮಾಡುವವರಿಗೆ ಒಂದು ಚಪ್ಪಡಿ ಹಾಕಿಸಲು ಏನು ರೋಗ?

ಹತ್ತಿ ಕೂತೆ. ಮನೆ ಹತ್ತಿರ ಇಳಿದಾಗ ಅರವತ್ತು ರೂಪಾಯಿ ಆಗಿತ್ತು. ಶೂ ದುಡ್ಡು ಬೇರೆ.