ವಿಆರ್‌ನಲ್ಲಿ ಕೈ ಚಾಚಿಸಬೇಡಿ, ವಸ್ತುವನ್ನೇ ಕೈಗೆ ತನ್ನಿ

ವಿಆರ್ (ವರ್ಚುವಲ್ ರಿಯಾಲಿಟಿ, ತಲೆಗೆ ಹೆಡ್‌ಸೆಟ್ ಹಾಕಿಕೊಂಡು ಕಾಣುವ ಕೃತಕ ಜಗತ್ತು) ಆ್ಯಪ್ ಮಾಡುವ ಎಷ್ಟೋ ತಂಡಗಳಲ್ಲಿ ಆರಾಮ ಡಿಸೈನರ್ ಪಾಲಿಗೆ, ನಿಖರತೆ ಪ್ರೋಗ್ರಾಮರ್ ಪಾಲಿಗೆ ಎಂದು ಹಂಚಿಬಿಟ್ಟಿರುತ್ತಾರೆ. ನನ್ನ ಪ್ರಕಾರ ಎರಡೂ ಒಂದೇ ಕೆಲಸ. ಭುಜದ ಎತ್ತರಕ್ಕೆ ಕೈ ಚಾಚಿ ನಿಂತವರ ತೋಳು ಕೆಲವೇ ನಿಮಿಷಗಳಲ್ಲಿ ಸೋಲುತ್ತದೆ. ಸೋತ ತೋಳು ನಡುಗುತ್ತದೆ, ನಡುಗುವ ಕೈ ಗುರಿ ತಪ್ಪುತ್ತದೆ. ಆ ನಡುಕ ಅಡಗಿಸಲು ಕೋಡ್‌ನಲ್ಲಿ ಬಿಗಿಯಾದ ಫಿಲ್ಟರ್ (ಚಲನೆಯನ್ನು ನಯಗೊಳಿಸುವ ಲೆಕ್ಕ) ಹಾಕುತ್ತೇವೆ. ಆಗ ವಸ್ತು ಕೈಗಿಂತ ಹಿಂದೆ ಬೀಳುತ್ತದೆ, ಬಳಸುವವರು ಕೈಯನ್ನು ಇನ್ನಷ್ಟು ಬಿಗಿ ಹಿಡಿಯುತ್ತಾರೆ, ಇನ್ನಷ್ಟು ದಣಿಯುತ್ತಾರೆ.

ಅಕ್ಕಸಾಲಿ ಉಂಗುರಕ್ಕೆ ಕಲ್ಲು ಕೂರಿಸುವಾಗ ಗಾಳಿಯಲ್ಲಿ ಕೈ ಚಾಚುವುದಿಲ್ಲ. ಮುಂಗೈ ಊರಿ, ಉಂಗುರವನ್ನು ಹತ್ತಿರಕ್ಕೆ ತಂದುಕೊಳ್ಳುತ್ತಾನೆ. ವಿಆರ್‌ನಲ್ಲೂ ಕೆಲಸದ ಜಾಗ ಹಾಗೇ ಇರಬೇಕು: ಮೊಣಕೈ ಪಕ್ಕೆಗೆ ಹತ್ತಿರ, ಹಸ್ತ ಹೊಕ್ಕುಳಿಗೂ ಎದೆಗೂ ನಡುವೆ. ಆದರೆ ಇಲ್ಲೊಂದು ತೊಡಕಿದೆ. ಇಂದಿನ ಹೆಚ್ಚಿನ ಹೆಡ್‌ಸೆಟ್‌ಗಳ ಲೆನ್ಸ್ ಒಂದೇ ದೂರಕ್ಕೆ, ಸಾಮಾನ್ಯವಾಗಿ ಒಂದರಿಂದ ಎರಡು ಮೀಟರ್ ಆಸುಪಾಸಿಗೆ, ಫೋಕಸ್ ಆಗಿರುತ್ತದೆ. ಅರ್ಧ ಮೀಟರ್‌ಗಿಂತ ಹತ್ತಿರದ್ದನ್ನು ದಿಟ್ಟಿಸುತ್ತ ಕೂತರೆ ಎರಡೂ ಕಣ್ಣು ಒಳಮುಖವಾಗಿ ತಿರುಗುತ್ತವೆ, ಫೋಕಸ್ ಮಾತ್ರ ದೂರದಲ್ಲೇ ಉಳಿಯುತ್ತದೆ. ಕಣ್ಣು ನೋಯುವುದು ಅದಕ್ಕೇ. ಹಾಗಾಗಿ ಮುಟ್ಟುವ ವಸ್ತು 45ರಿಂದ 60 ಸೆಂ.ಮೀ. ದೂರದಲ್ಲಿರಲಿ, ಓದುವ ಅಕ್ಷರ ಒಂದು ಮೀಟರ್ ಆಚೆ ಇರಲಿ. ಪ್ಯಾನೆಲ್ ಕೆಳಗಿದ್ದರೆ ಅದನ್ನು ಮುಖದ ಕಡೆಗೆ ಓರೆ ಮಾಡಿ. ಅರ್ಧ ಕೆಜಿ ತೂಕದ ಹೆಡ್‌ಸೆಟ್ ಹೊತ್ತು ಬಹಳ ಹೊತ್ತು ತಲೆ ಬಗ್ಗಿಸಿದರೆ ಕತ್ತು ನೋಯದೆ ಬಿಡುವುದಿಲ್ಲ.

ದೂರದ ವಸ್ತುವನ್ನು ಆರಿಸಲು ಹೆಚ್ಚಿನವರು ಕೈಯಿಂದ ಹೊರಡುವ ಕಿರಣವನ್ನೇ ಬಳಸುತ್ತಾರೆ. ಅದರ ಲೆಕ್ಕ ಒಮ್ಮೆ ನೋಡಿ. ಮಣಿಕಟ್ಟು 1 ಡಿಗ್ರಿ ಅಲುಗಿದರೆ ಕಿರಣದ ತುದಿ 1 ಮೀಟರ್ ದೂರದಲ್ಲಿ 1.7 ಸೆಂ.ಮೀ. ಸರಿಯುತ್ತದೆ, 5 ಮೀಟರ್‌ನಲ್ಲಿ 8.7 ಸೆಂ.ಮೀ. ಅದರ ಮೇಲೆ, ಟ್ರಿಗರ್ (ತೋರುಬೆರಳಿನ ಗುಂಡಿ) ಒತ್ತುವ ಕ್ರಿಯೆಯೇ ಕೈಯಲ್ಲಿ ಹಿಡಿದ ಕಂಟ್ರೋಲರನ್ನು ಅಲುಗಿಸುತ್ತದೆ. ಸರಿಯಾಗಿ ಗುರಿಯಿಟ್ಟರೂ ಒತ್ತಿದ ಕ್ಷಣಕ್ಕೆ ಪಕ್ಕದ ಬಟನ್ ಆಯ್ಕೆಯಾಗುತ್ತದೆ. ಇದಕ್ಕೆ ಬಟನ್ ದೊಡ್ಡದು ಮಾಡುವುದೊಂದೇ ಮದ್ದಲ್ಲ. ಈಗಿನ ಟ್ರಿಗರ್‌ಗಳು ಎಷ್ಟು ಒತ್ತಿದ್ದೀರಿ ಎಂಬುದಕ್ಕೆ 0ಯಿಂದ 1ರವರೆಗೆ ಬೆಲೆ ಕೊಡುತ್ತವೆ. ಬೆಲೆ 0.1 ದಾಟಿದ ಕೂಡಲೇ ಆಗ ಕಿರಣ ಮುಟ್ಟಿರುವ ಗುರಿಯನ್ನು ಹಿಡಿದಿಟ್ಟುಕೊಳ್ಳಿ, 0.7 ದಾಟಿದಾಗ ಅದನ್ನೇ ಆಯ್ಕೆ ಮಾಡಿ. ನಡುವೆ ಕಿರಣ ಎತ್ತ ಸರಿದರೂ ಲೆಕ್ಕಕ್ಕಿಲ್ಲ. ಕಂಟ್ರೋಲರ್ ಇಲ್ಲದೆ ಬರಿಗೈಯಲ್ಲಿ ಚಿಟಿಕೆ ಹಿಡಿಯುವಾಗಲೂ ಇದೇ ತೊಂದರೆ. ಹೆಬ್ಬೆರಳು ತೋರುಬೆರಳು ಕೂಡುವಾಗ ಬೆರಳ ತುದಿ ಸರಿಯುತ್ತದೆ, ಆದ್ದರಿಂದ ಕಿರಣವನ್ನು ಬೆರಳ ತುದಿಯಿಂದ ಹೊರಡಿಸಬೇಡಿ. ಭುಜ ಇರಬಹುದಾದ ಅಂದಾಜು ಜಾಗದಿಂದ ಬೆರಳ ಬುಡದ ಗೆಣ್ಣಿನ ಮೂಲಕ ಎಳೆಯಿರಿ. ಬೆರಳುಗಳ ನಡುವೆ 1.5 ಸೆಂ.ಮೀ. ಆದಾಗ ಹಿಡಿತ ಶುರುವಾದರೆ, ಬಿಡುಗಡೆ 3 ಸೆಂ.ಮೀ. ಆದಾಗ ಆಗಲಿ. ಎರಡಕ್ಕೂ ಒಂದೇ ಅಳತೆ ಇಟ್ಟರೆ ವಸ್ತು ಎಳೆದೊಯ್ಯುವ ದಾರಿಯಲ್ಲೇ ಬೀಳುತ್ತದೆ.

ಆಯ್ಕೆಯಾದ ಮೇಲೆ ವಸ್ತುವನ್ನು ಕಿರಣದ ತುದಿಗೇ ಅಂಟಿಸಿಡುವುದು ಇನ್ನೂ ದೊಡ್ಡ ತಪ್ಪು. 4 ಮೀಟರ್ ದೂರದ ಪೆಟ್ಟಿಗೆಯನ್ನು ತಿರುಗಿಸಲು ಮಣಿಕಟ್ಟು 5 ಡಿಗ್ರಿ ತಿರುಗಿಸಿದರೆ ಪೆಟ್ಟಿಗೆ 35 ಸೆಂ.ಮೀ. ಪಕ್ಕಕ್ಕೆ ಹಾರುತ್ತದೆ. ಸಂಶೋಧಕರಾದ ಬೋಮನ್ ಮತ್ತು ಹಾಜಸ್ 1997ರಲ್ಲೇ ಇದಕ್ಕೆ ಹೋಮರ್ ಎಂಬ ವಿಧಾನ ಕೊಟ್ಟರು: ಕಿರಣದಿಂದ ಆರಿಸಿ, ಆಮೇಲೆ ಬಳಸುವವರ ವರ್ಚುವಲ್ ಹಸ್ತವನ್ನೇ ವಸ್ತುವಿನ ಬಳಿಗೆ ಒಯ್ದು, ವಸ್ತು ತನ್ನ ಕೇಂದ್ರದ ಸುತ್ತಲೇ ತಿರುಗುವಂತೆ ಮಾಡಿ. ಅದಕ್ಕೂ ಒಂದು ವರ್ಷ ಮೊದಲು ಬಂದ ಗೋ-ಗೋ ವಿಧಾನದಲ್ಲಿ ತೋಳಿನ ಮೂರನೇ ಎರಡು ಭಾಗದವರೆಗೆ ಕೈ ಇದ್ದಷ್ಟೇ ಇರುತ್ತದೆ, ಅದರಾಚೆ ಚಾಚಿದಂತೆ ವರ್ಚುವಲ್ ತೋಳು ವೇಗವಾಗಿ ಉದ್ದವಾಗುತ್ತದೆ. ದೂರ ತಲುಪಲು ಚೆಂದ, ಆದರೆ ತೋಳು ಉದ್ದವಾದಷ್ಟೂ ನಡುಕವೂ ಹಿಗ್ಗುತ್ತದೆ, ಮೇಲಾಗಿ ತೋಳು ಪೂರ್ತಿ ಚಾಚಲೇಬೇಕು. ಸೂಕ್ಷ್ಮ ಕೆಲಸಕ್ಕೆ ಅದು ಬೇಡ. ವಸ್ತುವನ್ನು ಕೈಗೆ ಕರೆಸಿಕೊಂಡು, ಕೆಲಸ ಮುಗಿದಾಗ ಅದರ ಜಾಗಕ್ಕೆ ಕಳಿಸುವುದೇ ಒಳ್ಳೆಯದು.

ಈಗ ನಿಖರತೆ. ಕೈಯ ಚಲನೆಯನ್ನು ವಸ್ತು ಇದ್ದಂತೆಯೇ ಅನುಕರಿಸಿದರೆ ಮಾತ್ರ ನೈಜ ಎಂಬ ನಂಬಿಕೆ ಹಲವರಲ್ಲಿದೆ. ನಾನಿದನ್ನು ಒಪ್ಪುವುದಿಲ್ಲ. ನಿಜ ಜಗತ್ತಿನಲ್ಲಿ ಮೇಜು, ಘರ್ಷಣೆ, ವಸ್ತುವಿನ ತೂಕ ಎಲ್ಲವೂ ಕೈಗೆ ಆಸರೆ ಕೊಡುತ್ತವೆ. ವಿಆರ್‌ನಲ್ಲಿ ಅದಾವುದೂ ಇಲ್ಲ. ಆ ಆಸರೆಯನ್ನು ನಾವೇ ಕೊಡಬೇಕು. ಫ್ರೀಸ್ ಮತ್ತು ಕೆಸ್ಲರ್ 2005ರಲ್ಲಿ ತಂದ ಪ್ರಿಸಮ್ ವಿಧಾನದ ತಿರುಳು ಇದೇ: ಕೈ ನಿಧಾನವಾದರೆ ವಸ್ತು ಕೈಗಿಂತಲೂ ಕಡಿಮೆ ಚಲಿಸಲಿ. ಶುರುವಿಗೆ ಈ ಅಳತೆ ಹಾಕಿ ನೋಡಿ: ಕೈಯ ವೇಗ ಸೆಕೆಂಡಿಗೆ 1 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅದು ನಡುಕ, ವಸ್ತು ಅಲುಗಬಾರದು. 1ರಿಂದ 20 ಸೆಂ.ಮೀ.ವರೆಗೆ ಕೈಗೆ ಹೋಲಿಸಿದರೆ ವಸ್ತು ಚಲಿಸುವ ಅನುಪಾತ ಮೆಲ್ಲಗೆ ಏರಲಿ, ಅದರ ಮೇಲೆ ಕೈಗೆ ಸಮನಾಗಿ. ಹೀಗೆ ಮಾಡಿದಾಗ ಕೈಗೂ ವಸ್ತುವಿಗೂ ನಡುವೆ ಅಂತರ ಬೆಳೆಯುತ್ತದೆ. ಅದನ್ನು ಮುಚ್ಚಿಡಬೇಡಿ. ನಡುವೆ ತೆಳು ಗೆರೆ ತೋರಿಸಿ, ಕೈ ಜೋರಾಗಿ ಚಲಿಸಿದಾಗ ಅಂತರ ಕರಗಿಸಿ.

ಇದಕ್ಕಿಂತಲೂ ಸುಲಭದ ದಾರಿ ವಸ್ತುವನ್ನೇ ಹಿಗ್ಗಿಸುವುದು. ಎರಡು ಕೈಯಲ್ಲಿ ಹಿಡಿದು ಮೂರು ಪಟ್ಟು ದೊಡ್ಡದು ಮಾಡಿದರೆ 3 ಮಿ.ಮೀ. ರಂಧ್ರ 9 ಮಿ.ಮೀ. ಆಗುತ್ತದೆ, ಕೈನಡುಕ ಅಷ್ಟೇ ಇರುತ್ತದೆ. ಇಷ್ಟು ಅಗ್ಗದ ಉಪಾಯವನ್ನು ತರಬೇತಿ ಆ್ಯಪ್‌ಗಳು ಯಾಕೆ ಬಳಸುವುದಿಲ್ಲವೋ. ಭಾಗಗಳನ್ನು ಜೋಡಿಸುವಲ್ಲಿ 2 ಸೆಂ.ಮೀ. ಮತ್ತು 10 ಡಿಗ್ರಿ ಒಳಗೆ ಬಂದಾಗ ಅದು ತಾನೇ ಕೂರಲಿ, ಬಿಡಿಸಲು 4 ಸೆಂ.ಮೀ. ಎಳೆಯಬೇಕಾಗಲಿ.

ಫಿಲ್ಟರ್ ಬೇಡ ಎನ್ನುತ್ತಿಲ್ಲ. 2012ರ ಒನ್ ಯೂರೋ ಫಿಲ್ಟರ್ ಸಾಕು, ಹೊಂದಿಸುವ ಕ್ರಮ ಮಾತ್ರ ಮುಖ್ಯ. ಬೀಟಾ (ವೇಗ ಹೆಚ್ಚಿದಂತೆ ಫಿಲ್ಟರ್ ಎಷ್ಟು ಸಡಿಲವಾಗಬೇಕೆಂಬ ಅಳತೆ) 0, ಕನಿಷ್ಠ ಕಟ್ಆಫ್ (ಇಳಿಸಿದಷ್ಟೂ ಫಿಲ್ಟರ್ ಬಿಗಿಯಾಗುತ್ತದೆ) 1 ಹರ್ಟ್ಜ್ ಇಟ್ಟು ಶುರು ಮಾಡಿ. ಕೈ ನಿಲ್ಲಿಸಿ ಹಿಡಿದು ನಡುಕ ಹೋಗುವವರೆಗೆ ಕಟ್ಆಫ್ ಇಳಿಸಿ. ಆಮೇಲೆ ಕೈ ಬೀಸುತ್ತ, ವಸ್ತು ಹಿಂದೆ ಬೀಳದಿರುವವರೆಗೆ ಬೀಟಾ ಏರಿಸಿ. ವಿಆರ್ ಆ್ಯಪ್ ಕಟ್ಟುವ ಯೂನಿಟಿ ತಂತ್ರಾಂಶದಲ್ಲಿ ಇನ್ನೊಂದನ್ನು ನೋಡಿಕೊಳ್ಳಿ: ಭೌತಶಾಸ್ತ್ರದ ಲೆಕ್ಕ ಡಿಫಾಲ್ಟ್ ಆಗಿ 0.02 ಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ 50 ಬಾರಿ ನಡೆಯುತ್ತದೆ, ಹೆಡ್‌ಸೆಟ್ 72 ಅಥವಾ 90 ಫ್ರೇಮ್ ತೋರಿಸುತ್ತದೆ. ಹಿಡಿದ ವಸ್ತು ಕಂಪಿಸುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಈ ಲೆಕ್ಕದ ಅಂತರವಾದ ಫಿಕ್ಸೆಡ್ ಟೈಮ್‌ಸ್ಟೆಪ್ ಅನ್ನು 0.0139 ಅಥವಾ 0.0111ಕ್ಕೆ ಇಳಿಸಿ.

ಗುರಿಯನ್ನು ಕಣ್ಣಿನಿಂದಲೇ ನೋಡಿ, ತೊಡೆಯ ಮೇಲಿಟ್ಟ ಕೈಯಲ್ಲೇ ಚಿಟಿಕೆ ಹಿಡಿದು ಆರಿಸುವ ಕ್ರಮವನ್ನು 2024ರ ಆಪಲ್ ವಿಷನ್ ಪ್ರೊ ಹೆಡ್‌ಸೆಟ್ ಮುಖ್ಯ ವಿಧಾನವಾಗಿಸಿತು. ಆಯ್ಕೆಗೆ ಇದಕ್ಕಿಂತ ಆರಾಮದ್ದು ನಾನು ಕಾಣೆ. ಆದರೆ ಚಿಟಿಕೆ ಪೂರ್ತಿಯಾಗುವ ಮುನ್ನವೇ ಕಣ್ಣು ಮುಂದಿನದಕ್ಕೆ ಹಾರಿರಬಹುದು. ಆದ್ದರಿಂದ ಬೆರಳು ಕೂಡಲು ಶುರುವಾದಾಗ ಕಣ್ಣು ನೆಟ್ಟಿದ್ದ ಗುರಿಯನ್ನೇ ತೆಗೆದುಕೊಳ್ಳಿ. ಸೂಕ್ಷ್ಮವಾಗಿ ಸರಿಸುವ ಕೆಲಸ ಕಣ್ಣಿನದಲ್ಲ, ಅದು ಕೈಯದೇ.

ಪರೀಕ್ಷೆಗೆ ಐದೂವರೆ ಅಡಿಯ ಡೆವಲಪರ್ ಒಬ್ಬರೇ ಸಾಲದು. 150 ಸೆಂ.ಮೀ. ಎತ್ತರದವರನ್ನು, ಕುರ್ಚಿಯಲ್ಲಿ ಕೂತು ಬಳಸುವವರನ್ನು, ಎಡಗೈಯವರನ್ನು ಕರೆಯಿರಿ. ಪ್ಯಾನೆಲ್‌ನ ಎತ್ತರವನ್ನು ನೆಲದಿಂದ ಅಳೆಯದೆ ಹೆಡ್‌ಸೆಟ್ ಇರುವ ಎತ್ತರದಿಂದ ಕೆಳಕ್ಕೆ ಅಳೆಯಿರಿ. ಮೊದಲ ನಿಮಿಷದಲ್ಲಿ ಕೊಟ್ಟ ಕೆಲಸವನ್ನೇ ಇಪ್ಪತ್ತನೇ ನಿಮಿಷದಲ್ಲಿ ಮತ್ತೆ ಕೊಟ್ಟು, ಎರಡೂ ಸಲದ ತಪ್ಪುಗಳನ್ನು ಎಣಿಸಿ ಹೋಲಿಸಿ.